ಕಮಟು ತಡೆಯುವ ಎಲೆಗಳು

ಬೆಣ್ಣೆ ಕಾಯಿಸಿ ತುಪ್ಪ ಇಳಿಸುವ ಹೊತ್ತಿಗೆ ಒಂದು ವೀಳ್ಯದೆಲೆಯನ್ನೋ ನಾಲ್ಕು ಎಸಳು ನುಗ್ಗೆಸೊಪ್ಪನ್ನೋ ಹಾಕುವುದು ಮೈಸೂರು, ಮಂಡ್ಯದ ಕಡೆ ಹಳೆಯ ರೂಢಿ. ಕೆಲವರು ಕರಿಬೇವು ಹಾಕುತ್ತಾರೆ. ಘಮಕ್ಕೆ ಅನ್ನುವವರೇ ಜಾಸ್ತಿ. ಆದರೆ ತುಪ್ಪ ಬೇಗ ಕಮಟಾಗದಂತೆ ಕಾಯುವುದೂ ಆ ಎಲೆಯೇ.

ಕಮಟು ಬರುವುದು ಗಾಳಿಯಿಂದ. ಕೊಬ್ಬಿನ ಕಣಕ್ಕೆ ಆಮ್ಲಜನಕ ಸೇರಿದರೆ ಅದು ಕೆಡುತ್ತದೆ. ಕೆಟ್ಟ ಕಣ ಪಕ್ಕದ್ದನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಬೆಳಕು, ಬಿಸಿ, ತಾಮ್ರ ಅಥವಾ ಕಬ್ಬಿಣದ ಅಂಶ ಸೇರಿದರೆ ಈ ಸರಪಳಿ ಇನ್ನೂ ಬೇಗ ಬೆಳೆಯುತ್ತದೆ. ಎಲೆಯಲ್ಲಿರುವ ಫಿನಾಲ್ ಜಾತಿಯ ವಸ್ತುಗಳು ತಮ್ಮ ಹೈಡ್ರೋಜನ್ ಕೊಟ್ಟು ಸರಪಳಿಯನ್ನು ನಡುವೆಯೇ ಕಡಿಯುತ್ತವೆ. ಕೊಟ್ಟು ಮುಗಿದ ಮೇಲೆ ಅವೂ ಖಾಲಿ. ಇಂಥ ವಸ್ತುಗಳಿಗೇ ಆಂಟಿಆಕ್ಸಿಡೆಂಟ್ ಅನ್ನುವುದು. ಹಾಗಾಗಿ ಆಂಟಿಆಕ್ಸಿಡೆಂಟ್ ಕೆಡುವ ದಿನವನ್ನು ಮುಂದೂಡುತ್ತದೆ, ಅಷ್ಟೇ. ಬೂಷ್ಟು ತಡೆಯುವುದು ಬೇರೆಯೇ ಕೆಲಸ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ.

ಕಾರ್ಖಾನೆಗಳು ಎಲೆಯನ್ನು ನೆಚ್ಚಲಿಲ್ಲ. 1940ರ ದಶಕದ ಕೊನೆಗೆ ಬಿಎಚ್‌ಎ, ಬಿಎಚ್‌ಟಿ ಎಂಬ ಕಮಟು ತಡೆಯುವ ರಾಸಾಯನಿಕಗಳು ಬಂದವು. ಅಗ್ಗ. ವಾಸನೆಯಿಲ್ಲ, ಬಣ್ಣವಿಲ್ಲ. ಕಿಲೋ ಎಣ್ಣೆಗೆ 200 ಮಿಲಿಗ್ರಾಂ ಒಳಗೇ ಕೆಲಸ ಮುಗಿಯುತ್ತದೆ. 1952ರಲ್ಲಿ ಅಮೆರಿಕದ ಸಂಶೋಧಕರು 32 ಮಸಾಲೆ ಪದಾರ್ಥಗಳನ್ನು ಹಂದಿ ಕೊಬ್ಬಿನಲ್ಲಿ ಪರೀಕ್ಷಿಸಿ, ರೋಸ್‌ಮರಿ ಮತ್ತು ಸೇಜ್ ಎಂಬ ಘಮದ ಎಲೆಗಳು ಎಲ್ಲಕ್ಕಿಂತ ಚೆನ್ನಾಗಿ ಕೊಬ್ಬನ್ನು ಕಾಯುತ್ತವೆ ಎಂದರು. ಆದರೆ ರೋಸ್‌ಮರಿ ವಾಸನೆ ಹೊಡೆಯುವ ಬಿಸ್ಕತ್ತು ಯಾರಿಗೆ ಬೇಕು?

ಗಾಳಿ ತಿರುಗಿದ್ದು 1982ರಲ್ಲಿ. ಬಿಎಚ್‌ಎ ತಿಂದ ಇಲಿಗಳ ಮುಂಜಠರದಲ್ಲಿ (ಜಠರದ ಮುಂಭಾಗದ ಚೀಲದಲ್ಲಿ) ಗೆಡ್ಡೆಗಳಾದವು ಎಂದು ಜಪಾನಿನ ವಿಜ್ಞಾನಿಗಳು ತಿಳಿಸಿದರು. ಆ ಇಲಿಗಳ ಮೇವಿನಲ್ಲಿ ಬಿಎಚ್‌ಎ ನೂರಕ್ಕೆ 2ರಷ್ಟಿತ್ತು, ಅಂದರೆ ಕಿಲೋಗೆ 20 ಗ್ರಾಂ. ಎಣ್ಣೆಗೆ ಇರುವ ಮಿತಿಯ ನೂರು ಪಟ್ಟು. ಮನುಷ್ಯರಿಗೆ ಮುಂಜಠರವೂ ಇಲ್ಲ. ಹೆದರಿಕೆ ಲೆಕ್ಕಕ್ಕಿಂತ ಜಾಸ್ತಿಯಾಯಿತು ಎಂದೇ ನನ್ನ ಅನಿಸಿಕೆ. ಆದರೂ ಜನರ ನಂಬಿಕೆಗೆ ಬಿರುಕು ಬಿತ್ತು, ಎಲೆಗಳತ್ತ ಕಣ್ಣು ಹೊರಳಿತು.

ನಮ್ಮಲ್ಲಿ ಆ ನೋಟ ಇನ್ನೂ ಮೊದಲೇ ಇತ್ತು. ಕರಿಬೇವು ಮತ್ತು ವೀಳ್ಯದೆಲೆ ತುಪ್ಪವನ್ನು ಹೇಗೆ ಕಾಯುತ್ತವೆ ಎಂಬ ಅಧ್ಯಯನವನ್ನು ಹೈನು ವಿಜ್ಞಾನಿಗಳು 1979ರಲ್ಲೇ ಪ್ರಕಟಿಸಿದ್ದರು. ಅಡುಗೆಮನೆಯ ರೂಢಿಗೆ ಪ್ರಯೋಗಾಲಯದ ಸಾಕ್ಷಿ ಸಿಕ್ಕಿತ್ತು.

ಮೈಸೂರಿನಲ್ಲಂತೂ ಈ ಕೆಲಸಕ್ಕೆ ಮನೆಯೇ ಇದೆ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯಿತು. 1961ರಲ್ಲಿ ಬಂದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಡಿಎಫ್‌ಆರ್‌ಎಲ್, ಗಡಿಯಲ್ಲಿರುವ ಯೋಧರ ಊಟ ತಿಂಗಳುಗಟ್ಟಲೆ ಕೆಡದಂತೆ ಮಾಡುವ ದಾರಿ ಹುಡುಕಿತು. ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2001ರಲ್ಲಿ ದ್ರಾಕ್ಷಿ ಬೀಜದ, 2002ರಲ್ಲಿ ದಾಳಿಂಬೆ ಸಿಪ್ಪೆಯ ಸತ್ವಗಳ ಆಂಟಿಆಕ್ಸಿಡೆಂಟ್ ಗುಣದ ಬಗ್ಗೆ ಬರೆದರು. ಜ್ಯೂಸ್ ಅಂಗಡಿಯವರು ಕಸಕ್ಕೆ ಎಸೆಯುವ ಸಿಪ್ಪೆ ಅದು! ನನಗೆ ಈ ಕೆಲಸ ಬಹಳ ಹಿಡಿಸುತ್ತದೆ.

ಆದರೆ ಸತ್ವ ತೆಗೆದ ಮಾತ್ರಕ್ಕೆ ಆಹಾರಕ್ಕೆ ಹಾಕಲು ಬರುವುದಿಲ್ಲ. ದಾಳಿಂಬೆ ಸಿಪ್ಪೆಯಿಂದ ಹೆಚ್ಚು ಶಕ್ತಿಯ ಸತ್ವ ಇಳಿದದ್ದು ಮೆಥನಾಲ್‌ನಲ್ಲಿ, ಮೆಥನಾಲ್ ವಿಷ. ನೀರು, ಎಥನಾಲ್ ಅಥವಾ ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಿಂದ ತೆಗೆದರೆ ಖರ್ಚು, ಇಳುವರಿ ಎಲ್ಲ ಬದಲಾಗುತ್ತವೆ. ಮಣ್ಣು, ಹಂಗಾಮು ಬದಲಾದರೆ ಎಲೆಯ ಗುಣವೂ ಬದಲು. ಸಿಪ್ಪೆಯ ಒಗರು, ಎಲೆಯ ಹಸಿರು ತಿಂಡಿಗೆ ಇಳಿಯುತ್ತದೆ. ಅಳತೆ ಮೀರಿದರೆ ಕೆಲವು ಸತ್ವಗಳು ಕೆಡುವುದನ್ನು ತಡೆಯುವ ಬದಲು ಬೇಗ ಮಾಡಿಬಿಡುತ್ತವೆ. ‘ನೈಸರ್ಗಿಕ’ ಅಂತ ಪ್ಯಾಕೆಟ್ ಮೇಲೆ ಬರೆದರೆ ಸಾಲದು ಅಲ್ವಾ? ರಾಸಾಯನಿಕಕ್ಕೆ ಕೇಳಿದ ಪುರಾವೆಯನ್ನೇ ಇದಕ್ಕೂ ಕೇಳಬೇಕು.

ರೋಸ್‌ಮರಿ ಆ ಪರೀಕ್ಷೆ ಪಾಸಾಯಿತು. ಅದರ ವಾಸನೆ ತೆಗೆಯುವ ವಿಧಾನ ಸಿಕ್ಕಿತು, ಅದರಲ್ಲಿ ಕಮಟು ತಡೆಯುವ ಕಾರ್ನೋಸಿಕ್ ಆಮ್ಲ ಮತ್ತು ಕಾರ್ನೋಸಾಲ್ ಎಷ್ಟಿರಬೇಕೆಂಬ ಲೆಕ್ಕ ನಿಂತಿತು. 2010ರಲ್ಲಿ ಯುರೋಪ್ ಅದನ್ನು ಆಹಾರಕ್ಕೆ ಸೇರಿಸಲು ಒಪ್ಪಿ ಇ392 ಎಂಬ ಸಂಖ್ಯೆ ಕೊಟ್ಟಿತು. ನಮ್ಮ ಕರಿಬೇವಿಗೆ, ವೀಳ್ಯದೆಲೆಗೆ ಅಲ್ಲಿ ಅಂಥ ಸಂಖ್ಯೆ ಇಲ್ಲ. ಅವುಗಳ ಗುಣ ಕಡಿಮೆಯೆಂದಲ್ಲ. ಯಾವ ಅಂಶ, ಎಷ್ಟು, ಎಷ್ಟು ದಿನಕ್ಕೆ ಎಂಬ ದಾಖಲೆಯನ್ನು ಯಾರಾದರೂ ಪಟ್ಟು ಹಿಡಿದು ಕಟ್ಟಬೇಕು. ಅದಕ್ಕೆ ಬೇಕಾದ ಪ್ರಯೋಗಾಲಯವೂ ಎಲೆತೋಟವೂ ಮೈಸೂರಿನಲ್ಲೇ ಇವೆ.