ಗುಮಾಸ್ತನ ಮಗ, ಗುಮಾಸ್ತರ ದುಡ್ಡು: ಕಾರ್ಲೈಲ್ ಬೆಳೆದ ಬಗೆ

2017ರಲ್ಲಿ ಎಸ್‌ಬಿಐ ಕಾರ್ಡ್‌ನ ಶೇ 26ರಷ್ಟು ಪಾಲು ಕೊಂಡದ್ದು ಕಾರ್ಲೈಲ್ ಎಂಬ ಅಮೆರಿಕದ ಕಂಪನಿ. ಅದನ್ನು ಕಟ್ಟಿದವರಲ್ಲಿ ಒಬ್ಬರು ಡೇವಿಡ್ ರೂಬೆನ್‌ಸ್ಟೈನ್.

ಹುಟ್ಟಿದ್ದು 1949ರಲ್ಲಿ, ಬಾಲ್ಟಿಮೋರ್‌ನಲ್ಲಿ. ಅಪ್ಪ ಅಂಚೆ ಇಲಾಖೆಯಲ್ಲಿ ಗುಮಾಸ್ತ. ರೂಬೆನ್‌ಸ್ಟೈನ್ ವಿದ್ಯಾರ್ಥಿವೇತನದಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಸೇರಿದರು, ಆಮೇಲೆ ಶಿಕಾಗೋದಲ್ಲಿ ಕಾನೂನು ಓದಿದರು. ಹಾಸ್ಟೆಲ್‌ನಲ್ಲಿದ್ದು ಓದಿ ಮೇಲೆ ಬಂದ ನಮ್ಮ ಹುಡುಗರ ಕಥೆ ಇದ್ದ ಹಾಗೇ ಇದೆ, ಅಲ್ವಾ? ಆದರೆ ಬರೀ ಕಷ್ಟಪಟ್ಟು ದುಡಿದರೆ ಕಾರ್ಲೈಲ್ ಹುಟ್ಟುವುದಿಲ್ಲ.

27ನೇ ವಯಸ್ಸಿಗೇ ಅವರು ಜಿಮ್ಮಿ ಕಾರ್ಟರ್ ಅವರ ಶ್ವೇತಭವನದಲ್ಲಿದ್ದರು. 1980ರಲ್ಲಿ ಕಾರ್ಟರ್ ಸೋತರು, ಇವರ ಕೆಲಸವೂ ಹೋಯಿತು. ಮತ್ತೆ ವಕೀಲಿಕೆ. ಅದರಲ್ಲಿ ಮನಸ್ಸು ನಿಲ್ಲಲಿಲ್ಲ.

ಆಗ ಅವರ ಕಣ್ಣಿಗೆ ಬಿದ್ದದ್ದು ಗಿಬ್ಸನ್ ಎಂಬ ಗ್ರೀಟಿಂಗ್ ಕಾರ್ಡ್ ಕಂಪನಿಯ ವ್ಯಾಪಾರ. ಮಾಜಿ ಹಣಕಾಸು ಸಚಿವ ವಿಲಿಯಂ ಸೈಮನ್ ಮತ್ತು ಪಾಲುದಾರರು 1982ರಲ್ಲಿ ಅದನ್ನು ಸುಮಾರು 8 ಕೋಟಿ ಡಾಲರ್‌ಗೆ ಕೊಂಡಿದ್ದರು. ಕೈಯಿಂದ ಹಾಕಿದ್ದು ಬರೀ 10 ಲಕ್ಷದಷ್ಟು. ಉಳಿದದ್ದೆಲ್ಲ ಸಾಲ. ಆ ಸಾಲವೂ ಅವರ ತಲೆ ಮೇಲಲ್ಲ, ಕೊಂಡ ಕಂಪನಿಯ ತಲೆ ಮೇಲೆ. ಮರುವರ್ಷ ಷೇರುಪೇಟೆಗೆ ಬಂದಾಗ ಕಂಪನಿಯ ಬೆಲೆ 29 ಕೋಟಿ ಡಾಲರ್! ಹೂಡಿಕೆದಾರರ ದುಡ್ಡು, ಸಾಲ ಸೇರಿಸಿ ಕಂಪನಿಗಳನ್ನು ಕೊಂಡು, ಮುಂದೆ ಲಾಭಕ್ಕೆ ಮಾರುವ ವ್ಯಾಪಾರಕ್ಕೆ ಪ್ರೈವೇಟ್ ಇಕ್ವಿಟಿ ಅನ್ನುತ್ತಾರೆ. ಅದರ ಗುಟ್ಟೆಲ್ಲ ಇದರಲ್ಲೇ ಇದೆ. ಬೆಲೆ ಏರಿದರೆ ಲಾಭ ಕೊಂಡವರಿಗೆ, ಇಳಿದರೆ ಪೆಟ್ಟು ಜಾಸ್ತಿ ಬೀಳುವುದು ಕಂಪನಿಗೆ.

1987ರಲ್ಲಿ ವಿಲಿಯಂ ಕಾನ್ವೇ, ಡೇನಿಯಲ್ ಡಿ'ಅನಿಯೆಲೋ ಮೊದಲಾದವರ ಜೊತೆ 50 ಲಕ್ಷ ಡಾಲರ್ ಒಟ್ಟುಹಾಕಿ ಕಂಪನಿ ಶುರು ಮಾಡಿದರು. ನ್ಯೂಯಾರ್ಕ್‌ನ ಒಂದು ಹೋಟೆಲ್ಲಿನ ಹೆಸರನ್ನೇ ಇಟ್ಟರು. ಕಚೇರಿ ಮಾತ್ರ ವಾಷಿಂಗ್ಟನ್‌ನಲ್ಲಿ. ಅದು ಸುಮ್ನೆ ಅಲ್ಲ. 1989ರಲ್ಲಿ ಮಾಜಿ ರಕ್ಷಣಾ ಸಚಿವ ಫ್ರಾಂಕ್ ಕಾರ್ಲುಚಿ ಬಂದರು, ಮುಂದೆ ಹಿರಿಯ ಜಾರ್ಜ್ ಬುಷ್, ಬ್ರಿಟನ್‌ನ ಜಾನ್ ಮೇಜರ್ ಕೂಡ ಸೇರಿಕೊಂಡರು. ಶಸ್ತ್ರಾಸ್ತ್ರ ತಯಾರಿಸುವ ಯುನೈಟೆಡ್ ಡಿಫೆನ್ಸ್ ಕಾರ್ಲೈಲ್ ಕೈಗೆ ಬಂದದ್ದು 1997ರಲ್ಲಿ. ಸೆಪ್ಟೆಂಬರ್ 11ರ ದಾಳಿಯಾಗಿ ಮೂರು ತಿಂಗಳಿಗೆ ಅದು ಷೇರುಪೇಟೆ ಏರಿತು. ಟೀಕೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಪಾಲುದಾರರಲ್ಲಿ ರೂಬೆನ್‌ಸ್ಟೈನ್ ಅವರ ಮುಖ್ಯ ಕೆಲಸ ದುಡ್ಡು ಎತ್ತುವುದು. ಊರೂರು ಸುತ್ತಿ, ಹೂಡಿಕೆದಾರರ ಬಾಗಿಲು ತಟ್ಟುವುದು. ಇಂಥ ಕಂಪನಿಗಳು ಹೂಡಿಕೆದಾರರಿಂದ ಸಾಮಾನ್ಯವಾಗಿ ವರ್ಷಕ್ಕೆ ಶೇ 2 ಶುಲ್ಕ, ಲಾಭದಲ್ಲಿ ಶೇ 20 ಪಾಲು ಪಡೆಯುತ್ತವೆ. ಆ ಪಾಲಿಗೆ ಸಂಬಳದ ಮೇಲಿನ ತೆರಿಗೆಗಿಂತ ಕಡಿಮೆ ತೆರಿಗೆ. ಇದು ಸರಿಯೇ ಎಂಬ ಜಗಳ ಅಮೆರಿಕದಲ್ಲಿ 2007ರಿಂದ ನಡೆದೇ ಇದೆ.

ಅಷ್ಟೊಂದು ದುಡ್ಡು ಎಲ್ಲಿಂದ ಬರುತ್ತದೆ? ದೊಡ್ಡ ಪಾಲು ಪಿಂಚಣಿ ನಿಧಿಗಳದ್ದು. 2001ರಲ್ಲಿ ಕಾರ್ಲೈಲ್‌ನ ಸುಮಾರು ಶೇ 5ರಷ್ಟು ಪಾಲನ್ನು 17.5 ಕೋಟಿ ಡಾಲರ್‌ಗೆ ಕೊಂಡದ್ದು ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಪಿಂಚಣಿ ನಿಧಿ. ರೂಬೆನ್‌ಸ್ಟೈನ್ ಅವರ ಅಪ್ಪನಂಥ ಗುಮಾಸ್ತರ ಉಳಿತಾಯ ಅದು.