ಕೌಶಲ ತರಬೇತಿ: ಸರ್ಟಿಫಿಕೇಟ್‌ವರೆಗಿನ ಲೆಕ್ಕ, ಆಮೇಲಿನ ಲೆಕ್ಕ

ಪಿಎಂಕೆವಿವೈ, ಡಿಡಿಯು-ಜಿಕೆವೈ, ಆರ್‌ಸೆಟಿ, ಅಪ್ರೆಂಟಿಸ್‌ಗಳಿಗಿರುವ ನ್ಯಾಪ್ಸ್. ಬಡ ಮನೆಯ ಮಕ್ಕಳಿಗೆ ಕೆಲಸ ಕಲಿಸಿ, ಕೆಲಸ ಕೊಡಿಸುವ ಸರ್ಕಾರಿ ಯೋಜನೆಗಳ ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟ ಹುಡುಗಿಗೆ ಇದರಲ್ಲಿ ತನಗೆ ಹೊಂದುವುದು ಯಾವುದು ಅಂತ ಗೊತ್ತಾಗಬೇಕಾದರೆ ಯಾರಾದರೂ ಕೂತು ಬಿಡಿಸಿ ಹೇಳಬೇಕು. ಇಷ್ಟು ಗೋಜಲಾಗಿದ್ದು ಹೇಗೆ?

ಬೇರು ಇರುವುದು ಎರಡನೇ ಮಹಾಯುದ್ಧದ ಕೊನೆಯಲ್ಲಿ. ಸೇನೆಯಿಂದ ವಾಪಸ್ ಬಂದವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಒಂದು ನಿರ್ದೇಶನಾಲಯ ಬಂತು. 1950ರಲ್ಲಿ ಐಟಿಐ ತರಬೇತಿ, 1959ರಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆ, 1961ರಲ್ಲಿ ಅಪ್ರೆಂಟಿಸ್ ಕಾಯ್ದೆ. ಎಲ್ಲದರ ಕಣ್ಣೂ ಕಾರ್ಖಾನೆಯ ಮೇಲಿತ್ತು. ಹಳ್ಳಿಯ ಬಡವರ ಮಕ್ಕಳ ಸರದಿ ಬಂದಿದ್ದು 1979ರಲ್ಲಿ, ಹಳ್ಳಿ ಯುವಕರಿಗೆ ಸ್ವಂತ ಉದ್ಯೋಗ ಕಲಿಸುವ ಟ್ರೈಸೆಮ್ ಯೋಜನೆಯಿಂದ. ಅದು ಇಪ್ಪತ್ತು ವರ್ಷ ನಡೆದು, 1999ರಲ್ಲಿ ಇನ್ನೊಂದು ಯೋಜನೆಯೊಳಗೆ ಸೇರಿಹೋಯಿತು.

ನಡುವೆ, 1982ರಲ್ಲಿ, ಉಜಿರೆಯಲ್ಲಿ ಒಂದು ಸಣ್ಣ ಪ್ರಯೋಗ ಶುರುವಾಯಿತು. ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಅದು. ಕೆಲವೇ ವಾರಗಳ ತರಬೇತಿ, ಊಟ ವಸತಿ ಉಚಿತ. ಪಾಠಕ್ಕಿಂತ ಆಮೇಲಿನದ್ದೇ ಅಲ್ಲಿ ಮುಖ್ಯ. ಕಲಿತು ಹೋದವರು ಏನು ಮಾಡುತ್ತಿದ್ದಾರೆ, ಸಾಲ ಸಿಕ್ಕಿತಾ, ಅಂಗಡಿ ತೆರೆದರಾ ಅಂತ ಎರಡು ವರ್ಷ ವಿಚಾರಿಸುತ್ತಲೇ ಇರುತ್ತಾರೆ. 2009ರಿಂದ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಹೆಸರಿನಲ್ಲಿ, ಜಿಲ್ಲೆಗೊಂದರಂತೆ, ಬ್ಯಾಂಕುಗಳ ಮೂಲಕ ಹರಡಿತು. ಆದರೆ ಇದು ಸ್ವಂತ ಉದ್ಯೋಗದ ದಾರಿ. ಸಂಬಳದ ಕೆಲಸ ಬೇಕೆನ್ನುವವರಿಗೆ ಬೇರೆ ದಾರಿ ಬೇಕಿತ್ತು.

ಆ ದಾರಿ ಟಾರ್ಗೆಟ್ ಹೊತ್ತುಕೊಂಡೇ ಬಂತು. 2008ರಲ್ಲಿ ರಾಷ್ಟ್ರೀಯ ಕೌಶಲಾಭಿವೃದ್ಧಿ ನಿಗಮ ಹುಟ್ಟಿತು. ಮರುವರ್ಷದ ಕೌಶಲ ನೀತಿ 2022ರೊಳಗೆ 50 ಕೋಟಿ ಜನರಿಗೆ ತರಬೇತಿ ಎಂದಿತು. ಅಷ್ಟು ಜನ ಎಲ್ಲಿಂದ ಬರಬೇಕು, ಅಷ್ಟು ಕೆಲಸ ಎಲ್ಲಿದೆ ಅಂತ ಆಗ ಜಾಸ್ತಿ ಜನ ಕೇಳಲಿಲ್ಲ. ಖಾಸಗಿ ಟ್ರೇನಿಂಗ್ ಸೆಂಟರ್‌ಗಳು ತಾಲ್ಲೂಕುಗಳಿಗೂ ಬಂದವು. 2014ರಲ್ಲಿ ಗ್ರಾಮೀಣ ಯುವಕರಿಗೆಂದೇ ಡಿಡಿಯು-ಜಿಕೆವೈ (ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ) ಬಂತು, 2015ರ ಜುಲೈನಲ್ಲಿ ಪಿಎಂಕೆವಿವೈ, ಅಂದರೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ.

ಇವೆರಡನ್ನು ಪಕ್ಕಪಕ್ಕ ಇಟ್ಟರೆ ವಿಷಯ ಅರ್ಥವಾಗುತ್ತದೆ. ಡಿಡಿಯು-ಜಿಕೆವೈಯಲ್ಲಿ ಕಲಿತವರ ಪೈಕಿ ನೂರಕ್ಕೆ 70 ಮಂದಿಗೆ ಕೆಲಸ ಕೊಡಿಸಲೇಬೇಕೆಂಬ ನಿಯಮವಿತ್ತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಕೆಲವು ತಿಂಗಳು ಕೈಗೊಂದಿಷ್ಟು ದುಡ್ಡು ಬರುತ್ತಿತ್ತು, ಮನೆಯಿಂದ ದೂರ ಹೋದವರಿಗೆ ಇನ್ನೂ ಹೆಚ್ಚು ತಿಂಗಳು. ಹಳ್ಳಿಯಿಂದ ನಗರದ ಗಾರ್ಮೆಂಟ್ಸ್‌ಗೋ ಮಾಲ್‌ಗೋ ಹೋದವರಿಗೆ ಮೊದಲ ಸಂಬಳ ಕೈಗೆ ಬರುವ ಮೊದಲೇ ರೂಮಿನ ಅಡ್ವಾನ್ಸ್ ಕಟ್ಟಬೇಕಲ್ವಾ? ಈ ಸಣ್ಣ ಮೊತ್ತವನ್ನು ಯೋಚಿಸಿ ಇಟ್ಟವರಿಗೆ ಆ ಕಷ್ಟ ಗೊತ್ತಿತ್ತು.

ಪಿಎಂಕೆವಿವೈ ಶುರುವಾಗಿದ್ದು ಬೇರೆ ರೀತಿ. ಮೊದಲ ವರ್ಷವೇ 24 ಲಕ್ಷ ಜನರ ಗುರಿ. ಪರೀಕ್ಷೆ ಪಾಸಾದವರಿಗೆ ಸರಾಸರಿ 8 ಸಾವಿರ ರೂಪಾಯಿ ಬಹುಮಾನ. ಅದೇ ವರ್ಷ ಕೌಶಲ ಯೋಜನೆಗಳಿಗೆಂದು ಮಾಡಿದ ಸಾಮಾನ್ಯ ನಿಯಮಗಳ ಪ್ರಕಾರ ತರಬೇತಿ ಕೊಡುವವರಿಗೆ ಬ್ಯಾಚ್ ಶುರುವಾದಾಗ ಶೇ 30, ಸರ್ಟಿಫಿಕೇಟ್ ಬಂದಾಗ ಶೇ 50, ಕೆಲಸ ಸಿಕ್ಕಿ ಮೂರು ತಿಂಗಳು ನಿಂತ ಮೇಲೆ ಉಳಿದ ಶೇ 20. ಅಂದರೆ ಒಬ್ಬರಿಗೂ ಕೆಲಸ ಸಿಗದಿದ್ದರೂ ನೂರರಲ್ಲಿ 80 ರೂಪಾಯಿ ಕೈಸೇರುತ್ತಿತ್ತು. ಉಳಿದ ಇಪ್ಪತ್ತಕ್ಕಾಗಿ ಕಂಪನಿಗಳಿಗೆ ಅಲೆಯುವುದಕ್ಕಿಂತ ಇನ್ನೊಂದು ಬ್ಯಾಚ್ ತುಂಬಿಸುವುದೇ ಲಾಭವಾಗಿತ್ತು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ದುಡ್ಡು ಬರುವ ದಾರಿ ಹಾಗಿತ್ತು, ಸೆಂಟರ್‌ಗಳು ಹಾಗೆ ನಡೆದವು.

ಇದು ಆಗಲೇ ಗೊತ್ತಿರಲಿಲ್ಲ ಅಂತಲೂ ಅಲ್ಲ. ಸರ್ಕಾರವೇ ನೇಮಿಸಿದ್ದ, ಶಾರದಾ ಪ್ರಸಾದ್ ಅಧ್ಯಕ್ಷತೆಯ ಸಮಿತಿ 2017ರಲ್ಲಿ ಕೊಟ್ಟ ವರದಿ, ಗುರಿಗಳು ವಿಪರೀತ ದೊಡ್ಡವು ಎಂದು ನೇರವಾಗಿಯೇ ಹೇಳಿತ್ತು. ಮುಂದೆ ಪಿಎಂಕೆವಿವೈ 2.0, 3.0 ಬಂದವು. ಮೊದಲ ಮೂರೂ ಆವೃತ್ತಿಗಳಲ್ಲಿ ಅಲ್ಪಾವಧಿ ತರಬೇತಿ ಪಡೆದವರ ಪ್ಲೇಸ್‌ಮೆಂಟ್, ಅಂದರೆ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕ ಇಡುತ್ತಿದ್ದರು. ನಾಲ್ಕನೆಯದರಲ್ಲಿ ಅದನ್ನು ಕೈಬಿಟ್ಟರು. ಕಲಿತವರು ತಮಗಿಷ್ಟವಾದ ದಾರಿ ಆರಿಸಿಕೊಳ್ಳಲಿ ಎಂಬುದು ಇದಕ್ಕೆ ಕೊಟ್ಟ ವಿವರಣೆ. ಕೇಳಲು ಚೆನ್ನಾಗಿದೆ. ಆದರೆ ಆ ದಾರಿ ಎಲ್ಲಿಗೆ ಹೋಯಿತು ಅಂತ ತಿಳಿಯಲು ಈಗ ಅಂಕಿ ಇಲ್ಲ.

ಕರ್ನಾಟಕ 2024ರ ಜನವರಿಯಲ್ಲಿ ಇನ್ನೊಂದು ತುದಿಯಿಂದ ಹಿಡಿಯಿತು. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3 ಸಾವಿರ, ಡಿಪ್ಲೊಮಾ ಆದವರಿಗೆ 1,500, ಗರಿಷ್ಠ ಎರಡು ವರ್ಷ. ಎಸ್ಸೆಸ್ಸೆಲ್ಸಿಗೇ ನಿಂತವರು ಇದರ ಹೊರಗೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಪ್ರಾಯೋಗಿಕ ಹಂತ ಶುರುವಾಯಿತು. ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ ಕಲಿಕೆ, ತಿಂಗಳಿಗೆ 5 ಸಾವಿರ ಸ್ಟೈಪೆಂಡ್. ಮೊದಲ ಸುತ್ತಿನಲ್ಲಿ 82 ಸಾವಿರಕ್ಕೂ ಹೆಚ್ಚು ಆಫರ್ ಹೋದವು. ಒಪ್ಪಿಕೊಂಡವರು ಸುಮಾರು 28 ಸಾವಿರ. ಕೊನೆಗೆ ಹೋಗಿ ಸೇರಿದವರು 9 ಸಾವಿರದೊಳಗೆ. ಜಾಗ ದೂರ, ಅವಧಿ ಉದ್ದ ಎಂಬ ಕಾರಣಗಳು ಕೇಳಿಬಂದವು. 5 ಸಾವಿರದಲ್ಲಿ ನಗರದಲ್ಲಿ ರೂಮು ಮಾಡಿ, ಉಂಡು, ಬಸ್ಸಿಗೂ ಉಳಿಸಿಕೊಳ್ಳುವುದು ಹೇಗೆ ಅಂತ ಮನೆಯಲ್ಲಿ ಲೆಕ್ಕ ಹಾಕಿದವರೇ ಅವರಲ್ಲಿ ಜಾಸ್ತಿ ಇರಬೇಕು.