ಮೂರೂ ನರವೇ?

ಕಾರವಾರದಲ್ಲಿ ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿಗೆ ಅನಾಟಮಿ ಶುರುಮಾಡುವಾಗ ನಾನು ಕೇಳುವುದು ಒಂದೇ: ನಿಮ್ಮ ಕೈಯಲ್ಲಿ ನರ ಎಲ್ಲಿದೆ, ತೋರಿಸಿ. ಒಬ್ಬಳು ಹಸಿರಾಗಿ ಕಾಣುವ ರಕ್ತನಾಳ ತೋರಿಸುತ್ತಾಳೆ. ಇನ್ನೊಬ್ಬ ಮುಷ್ಟಿ ಬಿಗಿದು, ಮಣಿಕಟ್ಟಿನಲ್ಲಿ ಎದ್ದ ಹುರಿ, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹಗ್ಗದಂಥ ಭಾಗ (ಟೆಂಡನ್), ತೋರಿಸುತ್ತಾನೆ. ಎರಡೂ ನರವಲ್ಲ. 'ನರ ಉಬ್ಬಿದೆ', 'ನರ ಹಿಡ್ಕೊಂಡಿದೆ', 'ನರ ವೀಕು' ಎನ್ನುವ ನಮ್ಮ ಮಾತಿನಲ್ಲಿ ರಕ್ತನಾಳ, ಹುರಿ, ನರ ಮೂರಕ್ಕೂ ಒಂದೇ ಹೆಸರು. ರೋಗಿಗಳೂ ಹೀಗೇ ಹೇಳುತ್ತಾರೆ. ಬಿಡಿಸಿ ಅರ್ಥಮಾಡಿಕೊಳ್ಳುವುದು ನಮ್ಮ ಕೆಲಸ.

ಅದಕ್ಕೇ ಮಣಿಕಟ್ಟಿನ ಡಿಸೆಕ್ಷನ್‌ಗೆ ನಾನು ಅವಸರ ಮಾಡುವುದಿಲ್ಲ. ಚರ್ಮ ಬಿಡಿಸಿದರೆ ನಡುವೆ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ಹುರಿ, ಅದರ ಅಡಿಯಲ್ಲೇ ಅಂಗೈಗೆ ಹೋಗುವ ಮೀಡಿಯನ್ ನರ. ಫಾರ್ಮಲಿನ್‌ನಲ್ಲಿದ್ದ ದೇಹದಲ್ಲಿ ಎರಡೂ ಬಿಳಿಚಿಕೊಂಡಿರುತ್ತವೆ. ಹತ್ತಿರ ಬಾಗಿ ನೋಡಬೇಕು. ಹುರಿಗೆ ಹೊಳಪಿದೆ. ನರ ಮಂಕು, ಕೊಂಚ ಹಳದಿ, ಮೈಮೇಲೆ ಕೂದಲೆಳೆಯಂಥ ರಕ್ತನಾಳ. ಬೆರಳು ಮಡಚುವ ಹುರಿಯನ್ನು ಮೇಲಕ್ಕೆಳೆದರೆ ಬೆರಳು ಅಲುಗುತ್ತದೆ. ನರ ಎಳೆದರೆ ಏನೂ ಆಗದು.

'ಮೇಲಿರುವುದು ಪಾಲ್ಮಾರಿಸ್' ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ಕೆಲವರಿಗೆ ಆ ಸ್ನಾಯು ಹುಟ್ಟಿನಿಂದಲೇ ಇರುವುದಿಲ್ಲ. ಹೆಬ್ಬೆರಳು, ಕಿರುಬೆರಳು ಜೋಡಿಸಿ ಮಣಿಕಟ್ಟು ಬಗ್ಗಿಸಿ ನೋಡಿ, ಹುರಿ ಏಳದೆ ಇರಬಹುದು. ಅಂಥ ಕೈಯಲ್ಲಿ ಮೊದಲು ಸಿಗುವುದು ನರವೇ. ಪಾಲ್ಮಾರಿಸ್ ಎಂದು ತಿಳಿದು ಮೀಡಿಯನ್ ನರವನ್ನೇ ಬೇರೆಡೆ ಹುರಿಯಾಗಿ ಕಸಿ ಮಾಡಲು ತೆಗೆದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ದೇಹದಾನ ಮಾಡಿದವರು ನಮಗೆ ಕೊಟ್ಟಿರುವುದು ಇಂಥ ತಪ್ಪನ್ನು ಮೇಜಿನ ಮೇಲೆಯೇ ಮಾಡಿ ಮುಗಿಸುವ ಅವಕಾಶ. ಅದನ್ನು ಪೋಲು ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಂಗೈಯ ಬುಡದಲ್ಲಿ ಒಂದು ಕಿರಿದಾದ ಸುರಂಗವಿದೆ. ಒಂಬತ್ತು ಹುರಿಗಳ ಜೊತೆ ಮೀಡಿಯನ್ ನರವೂ ಅದರೊಳಗೇ ತೂರಬೇಕು. ಒಳಗೆ ಊತ ಬಂದರೆ ನಲುಗುವುದು ನರ. ಆಗ ಜೋಮು ಹಿಡಿಯುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ.

2019ರಿಂದ ಪಠ್ಯಕ್ರಮವೇ ಮೊದಲ ವರ್ಷದ ಮಕ್ಕಳನ್ನು ರೋಗಿಗಳ ಬಳಿಗೆ ಕಳಿಸುತ್ತಿದೆ. ಒಮ್ಮೆ ಶಿರಸಿ ಕಡೆಯ ಅಮ್ಮ ಒಬ್ಬರು ಬಂದಿದ್ದರು. ಅಡಿಕೆ ಸುಲಿಯುವ ಕಾಲ, ದಿನವಿಡೀ ಮೆಟ್ಟುಗತ್ತಿಯ ಮುಂದೆ ಕೂತವರು. "ರಾತ್ರಿ ನರ ಎಳೀತದೆ, ಕೈ ಜೋಮು ಹಿಡೀತದೆ" ಅಂದರು. ನನ್ನ ಜೊತೆಗಿದ್ದ ಹುಡುಗಿ ಅವರ ಕೈ ಹಿಡಿದು ಕೇಳಿದಳು: "ಅಮ್ಮಾ, ಕಿರುಬೆರಳಿಗೂ ಜೋಮು ಬರ್ತದಾ?"

ಅವರು ಒಂದೊಂದೇ ಬೆರಳು ಮುಟ್ಟಿ ನೋಡಿಕೊಂಡರು. "ಇಲ್ಲ ಮಗಾ, ಅದೊಂದಕ್ಕೆ ಇಲ್ಲ."